ಹಗ್ಗ ಜಗ್ಗಿದರೆ ಹತ್ತೀತೇ, ಹನ್ನೊಂದು ತಿಂಗಳು ಮಲಗಿದ ಮೋಟಾರು?

ಖಾನಾಪುರದ ಮಲಪ್ರಭಾ ಸೇತುವೆಯ ಮೇಲೆ ಮೊನ್ನೆ ಸಾಲುಗಟ್ಟಿ ನಿಂತ ಬಸ್ಸುಗಳ ಪ್ರಯಾಣಿಕರಿಗೆ ಪುಕ್ಕಟೆ ತಮಾಷೆಯೊಂದು ನೋಡಸಿಕ್ಕಿತು. ಕೆಳಗೆ ದಂಡೆಯಲ್ಲಿ ಗಾಳಿ ತುಂಬಿದ ರಬ್ಬರಿನ ದೋಣಿ. ಅದರ ಹಿಂಬದಿಗೆ ಬಿಗಿದ ಹಳೆಯ ಮೋಟಾರು. ಹುಡುಗನೊಬ್ಬ ಕಾಲೂರಿ ನಿಂತು ಅದರ ಹಗ್ಗ ಜಗ್ಗುತ್ತಿದ್ದಾನೆ. ಹತ್ತು ಸಲ ಆಯಿತು, ಮೂವತ್ತು ಸಲ ಆಯಿತು. ಮೋಟಾರು ಒಮ್ಮೆ 'ಫಟ್' ಎಂದು ಕೆಮ್ಮಿತು, ಮತ್ತೆ ಸುಮ್ಮನಾಯಿತು. ಬಸ್ಸಿನ ಕಿಟಕಿಯಿಂದ ಒಬ್ಬಾತ ಕೂಗಿಯೇ ಬಿಟ್ಟ: "ಏ ತಮ್ಮಾ, ಜಾತ್ರ್ಯಾಗ ತೇರ ಎಳದಂಗ ಎಳಿಯಾಕತ್ತೀಯಲ್ಲೋ, ಕಾಯಿ ಒಡಿಸಿದ್ರೇನು ಅದಕ್ಕ?"

ಎಲ್ಲರೂ ನಕ್ಕರು. ಬಸ್ಸು ಹೊರಟಿತು.

ಆದರೆ ಇದು ನಕ್ಕು ಬಿಡುವ ವಿಷಯವಲ್ಲ. ಅದು ಮಳೆಗಾಲದ ಪೂರ್ವಸಿದ್ಧತೆಯ ಪರೀಕ್ಷೆ. ಹೊಳೆ ಏರಿ ಮನೆಯ ಮಾಳಿಗೆ ಮೇಲೆ ಜನ ಸಿಕ್ಕಿಬಿದ್ದಾಗ ಹೋಗಬೇಕಾದ ದೋಣಿ ಅದು. ಬೆಳಗಾವಿಯ ಗೋದಾಮೊಂದರಲ್ಲಿ ತಾಡಪತ್ರಿ ಹೊದ್ದು ಮಲಗಿದ್ದ ಮೋಟಾರನ್ನು ಟೆಂಪೋದಲ್ಲಿ ಹೇರಿಕೊಂಡು ತಂದಿದ್ದರು. ಹೋದ ವರ್ಷದ ಮಳೆಗಾಲ ಮುಗಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಟಾಕಿಯೊಳಗಿನ ಪೆಟ್ರೋಲೂ ಹೋದ ವರ್ಷದ್ದೇ.

ಎಣ್ಣಿ, ಕಿಡಿ, ದಮ್ಮು

ಕಡೆಗೆ ಯಾರೋ ಓಡಿಹೋಗಿ ಪಂಪ್‌ಸೆಟ್ ರಿಪೇರಿ ಮಾಡುವ ಒಬ್ಬ ವೃದ್ಧ ಫಿಟ್ಟರರನ್ನು ಸೈಕಲ್ ಮೇಲೆ ಕೂಡಿಸಿಕೊಂಡು ಬಂದರು. ಅವರು ಬಂದವರೇ ಮೊದಲು ಹೇಳಿದ ಮಾತು: "ಸಾಹೇಬ್ರ, ಮೊದಲ ಹಗ್ಗಾ ಬಿಡ್ರಿ. ಇನ್ನ ಹತ್ತ ಸಲ ಜಗ್ಗಿದ್ರ ಹಗ್ಗಾನ ಹರೀತದ, ಮಶೀನು ಹತ್ತೂದಿಲ್ಲ. ಮಶೀನಿಗೆ ಬೇಕಾಗೂದು ಮೂರ. ಎಣ್ಣಿ, ಕಿಡಿ, ದಮ್ಮು. ಮೂರರಾಗ ಯಾವುದು ಇಲ್ಲ ಅಂತ ಮೊದಲ ನೋಡೂಣು."

ಅವರು ನೋಡಿದ ಕ್ರಮವನ್ನು ಅಂಗಡಿಕಾರರೂ ಗಮನಿಸಬೇಕು. ಅಂಗಡಿಯ ಹಿಂದೆ ಧೂಳು ತಿನ್ನುತ್ತಿರುವ ಜನರೇಟರಿಗೂ ಇದೇ ರೋಗ, ಇದೇ ಔಷಧ.

ಮೊದಲು ಮುಟ್ಟಿದ್ದು ಮೋಟಾರನ್ನಲ್ಲ, ಪೆಟ್ರೋಲ್ ಟಾಕಿಯನ್ನು. ಅದರ ಮುಚ್ಚಳದ ಮೇಲೆ ಗಾಳಿ ಬಿಡುವ ಸಣ್ಣ ತಿರುಪು ಇರುತ್ತದೆ. ಅದನ್ನು ಸಡಿಲಿಸದಿದ್ದರೆ ಟಾಕಿಯೊಳಗೆ ಗಾಳಿ ಹೋಗುವುದಿಲ್ಲ, ಹೀಗಾಗಿ ಎಣ್ಣೆ ಹೊರಗೆ ಬರುವುದಿಲ್ಲ. ಅದು ಗಟ್ಟಿಯಾಗಿ ಮುಚ್ಚಿತ್ತು. ಟಾಕಿಯಿಂದ ಮೋಟಾರಿಗೆ ಹೋಗುವ ರಬ್ಬರ್ ನಳಿಗೆಯ ನಡುವೆ ಕೈಯಿಂದ ಹಿಚುಕುವ ಉಂಡೆಯೊಂದಿದೆ. ಅದರ ಮೇಲಿನ ಬಾಣದ ಗುರುತು ಮೋಟಾರಿನ ಕಡೆಗಿರಬೇಕು. ಉಂಡೆ ಗಟ್ಟಿಯಾಗುವವರೆಗೆ ಹಿಚುಕಬೇಕು. ಎಷ್ಟು ಹಿಚುಕಿದರೂ ಅದು ಮೆತ್ತಗೇ ಉಳಿದರೆ ಎಲ್ಲೋ ಗಾಳಿ ಎಳೆಯುತ್ತಿದೆ ಎಂದೇ ಅರ್ಥ: ನಳಿಗೆ ಬಿರುಕು ಬಿಟ್ಟಿರಬೇಕು, ಇಲ್ಲವೇ ಜೋಡಣೆಯ ರಬ್ಬರ್ ಉಂಗುರ ಸತ್ತಿರಬೇಕು.

ಎರಡನೆಯದಾಗಿ ಟಾಕಿಯ ಎಣ್ಣೆಯನ್ನು ಒಂದು ಗಾಜಿನ ಬಾಟಲಿಗೆ ಸುರಿದು ಬಿಸಿಲಿಗೆ ಹಿಡಿದರು. ತಳದಲ್ಲಿ ಎರಡು ಬೆರಳು ನೀರು. ಮೇಲಿನದು ಚಹಾ ಬಣ್ಣ. "ಮೂಗಿಗೆ ಹಿಡದ ನೋಡ್ರಿ. ಇದು ಪೆಟ್ರೋಲ ವಾಸನಿ ಅಲ್ಲ, ಹಳೇ ಬಣ್ಣದ ಡಬ್ಬಿ ವಾಸನಿ."

ಮೂರನೆಯದು ಕಿಡಿ. ಅದಕ್ಕೂ ಮೊದಲು ತುರ್ತು ಬಂದ್ ಮಾಡುವ ಗುಂಡಿಯ ಕೆಂಪು ಕ್ಲಿಪ್ಪು ಜಾಗದಲ್ಲಿದೆಯೋ ಇಲ್ಲವೋ, ಗೇರು ನ್ಯೂಟ್ರಲ್‌ನಲ್ಲಿದೆಯೋ ಇಲ್ಲವೋ ನೋಡಿದರು. ಆ ಕ್ಲಿಪ್ಪು ಕಳಚಿದ್ದರೆ ದೇವರೇ ಬಂದು ಹಗ್ಗ ಜಗ್ಗಿದರೂ ಕಿಡಿ ಹಾರದು. ಅದು ಸರಿಯಿತ್ತು. ಪ್ಲಗ್ಗುಗಳನ್ನು ಬಿಚ್ಚಿದರೆ ಎರಡೂ ಎಣ್ಣೆಯಲ್ಲಿ ನೆನೆದು ಕರ್ರಗಾಗಿದ್ದವು. ಚೋಕ್ ಎಳೆದಿಟ್ಟು ಮೂವತ್ತು ಸಲ ಜಗ್ಗಿದರೆ ಮತ್ತೇನಾದೀತು? ಮೊದಲ 'ಫಟ್' ಕೇಳಿದ ಕೂಡಲೇ ಚೋಕ್ ತಗ್ಗಿಸಬೇಕಿತ್ತು. ಮೋಟಾರು ಉಪವಾಸವಿದೆ ಎಂದು ತಿಳಿದು ಊಡಿಸಿದ್ದೇ ಊಡಿಸಿದ್ದು, ಅದು ಹೊಟ್ಟೆ ಬಿರಿದು ಕೂತಿತ್ತು.

ಪ್ಲಗ್ಗುಗಳನ್ನು ಒರೆಸಿ, ಪಾಲಿಶ್ ಕಾಗದ ಆಡಿಸಿ, ಟಾಕಿಯನ್ನು ದೂರ ಸರಿಸಿ, ಪ್ಲಗ್ಗಿನ ಮೈಯನ್ನು ಮೋಟಾರಿನ ಕಬ್ಬಿಣಕ್ಕೆ ತಾಗಿಸಿ ಹಗ್ಗ ಜಗ್ಗಿಸಿದರು. ನೀಲಿ ಕಿಡಿ ಚಿಟ್ ಎಂದು ಹಾರಿತು. ಹಳದಿ ಕಿಡಿಯಾಗಿದ್ದರೆ ಕಾಯಿಲ್, ಇಲ್ಲವೇ ಇನ್ನೂ ಹಳೆಯ ಮಾದರಿಗಳಲ್ಲಿ ಮೇಲಿನ ಚಕ್ರದ ಕೆಳಗಿರುವ ಪಾಯಿಂಟು ನೋಡಬೇಕಾಗುತ್ತಿತ್ತು. ಆಮೇಲೆ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಮತ್ತೆ ಜಗ್ಗಿಸಿದರು. ಬೆರಳನ್ನು ಒಳಗಿನ ಗಾಳಿ ಫುಸ್ಸೆಂದು ತಳ್ಳಿತು. ಎರಡೂ ಸಿಲಿಂಡರಿನಲ್ಲಿ ಒಂದೇ ಜೋರು. "ದಮ್ಮು ಐತಿ. ಮುದುಕ ಸತ್ತಿಲ್ಲ. ಗಂಟಲದಾಗ ಕಚರಾ ಸಿಕ್ಕಾದ, ಅಷ್ಟ."

ಗಂಟಲೆಂದರೆ ಕಾರ್ಬೊರೇಟರು. ಅದರ ಕೆಳಗಿನ ಬಟ್ಟಲು ಬಿಚ್ಚಿದಾಗ ತುಕ್ಕಿನ ಬಣ್ಣದ ಲೋಳೆ ಇಳಿಯಿತು. ಕೂದಲೆಳೆಯಷ್ಟು ತೂತಿರುವ ಜೆಟ್ಟು ಪೂರ್ತಿ ಬಂದ್. ಹುಡುಗನೊಬ್ಬ ಸೂಜಿ ತರಲು ಹೋದಾಗ ಫಿಟ್ಟರರು ಗದರಿಸಿದರು. ಉಕ್ಕಿನ ಸೂಜಿ ಹಾಕಿದರೆ ಹಿತ್ತಾಳೆಯ ತೂತು ದೊಡ್ಡದಾಗಿ ಮೋಟಾರು ಜನ್ಮಪೂರ್ತಿ ಎಣ್ಣೆ ಕುಡಿಯುತ್ತದೆ. ಹೊಸ ಪೆಟ್ರೋಲಿನಲ್ಲಿ ನೆನೆಹಾಕಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು ತೂತು ಬಿಡಿಸಿದರು. ಹೊಸ ಪೆಟ್ರೋಲಿಗೆ ಲೀಟರಿಗೆ 20 ಮಿಲಿ ಲೆಕ್ಕದಲ್ಲಿ ಟೂ ಸ್ಟ್ರೋಕ್ ಆಯಿಲ್ ಬೆರೆಸಿದರು, ಅಂದರೆ ಐವತ್ತಕ್ಕೊಂದು. ಕೆಲವು ತೀರ ಹಳೆಯ ಮೋಟಾರುಗಳಿಗೆ ಇದರ ಇಮ್ಮಡಿ ಬೇಕು. ಮೋಟಾರಿನ ಮೈಮೇಲಿನ ತಗಡಿನಲ್ಲಿ ಬರೆದಿರುವುದೇ ಪ್ರಮಾಣ.

ಮೂರನೆಯ ಜಗ್ಗಿಗೆ ಮೋಟಾರು ಹತ್ತಿತು. ದಂಡೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು.

ಒಂದೂಕಾಲು ತಾಸಿನ ಬೆಲೆ

ಹೊಳೆಯಲ್ಲಿ ಮೊಣಕಾಲು ನೀರು, ಹಗಲು ಹೊತ್ತು, ಕೂಗಳತೆಯಲ್ಲಿ ಫಿಟ್ಟರರು. ಇಷ್ಟೆಲ್ಲ ಅನುಕೂಲವಿದ್ದೂ ಆ ಮೋಟಾರು ಹತ್ತಲು ಒಂದೂಕಾಲು ತಾಸು ಹಿಡಿಯಿತು. ಇದನ್ನೇ ಆಗಸ್ಟ್ ತಿಂಗಳ ಒಂದು ರಾತ್ರಿಗೆ ಒಯ್ದು ನೋಡಿ. ಕರೆಂಟ್ ಇಲ್ಲ. ಮಳೆ ಕೊಡದಲ್ಲಿ ಹೊಯ್ದಂತೆ ಸುರಿಯುತ್ತಿದೆ. ಎದುರಿನ ದಂಡೆಯ ತೋಟದ ಮನೆಯ ಮಾಳಿಗೆ ಮೇಲೆ ಒಬ್ಬಾಕೆ ಕೂಸನ್ನು ಎದೆಗವಚಿಕೊಂಡು ಬ್ಯಾಟರಿ ಆಡಿಸುತ್ತಿದ್ದಾಳೆ. ಈಚೆ ದಂಡೆಯಲ್ಲಿ ದೋಣಿ ಬಂದಿದೆ, ಸಿಬ್ಬಂದಿ ಬಂದಿದ್ದಾರೆ, ಮೋಟಾರೂ ಬಂದಿದೆ. ಹತ್ತುವುದೊಂದು ಇಲ್ಲ. ಆಗ ಒಂದೂಕಾಲು ತಾಸನ್ನು ಯಾರು ಕೊಡುತ್ತಾರೆ?

ಇದು ಹೆದರಿಸುವ ಮಾತಲ್ಲ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮಳೆಗಾಲದಲ್ಲಿ ಎಂಥವಳೆಂದು ಖಾನಾಪುರದವರಿಗೆ ಯಾರೂ ಹೇಳಬೇಕಾಗಿಲ್ಲ. ಹಬ್ಬನಹಟ್ಟಿಯ ಹಣಮಪ್ಪನ ಗುಡಿ ಜೋರು ಮಳೆಯಾದ ವರ್ಷ ಹೊಳೆಯಲ್ಲಿ ಮುಳುಗುವುದು ಎಲ್ಲರೂ ಕಂಡದ್ದೇ. 2019 ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ, ಮಾರ್ಕಂಡೇಯ ಎಲ್ಲವೂ ಒಮ್ಮೆಲೇ ದಂಡೆ ಮೀರಿದವು. ಗೋಕಾಕ, ರಾಮದುರ್ಗದ ಪೇಟೆಗಳಿಗೆ ನೀರು ನುಗ್ಗಿತು. ಬೆಳಗಾವಿ ನಗರದಲ್ಲೇ ಬಡಾವಣೆಗಳು ಕೆರೆಯಾದವು. ಬಳ್ಳಾರಿ ನಾಲಾ ಹೊಲಗದ್ದೆಗಳನ್ನು ನುಂಗಿತು. ಸೈನ್ಯದವರು, ಎನ್‌ಡಿಆರ್‌ಎಫ್‌ನವರು, ಅಗ್ನಿಶಾಮಕ ದಳದವರು ದೋಣಿ ತಂದು ಜನರನ್ನು ಹೊರತಂದರು. 2021 ರ ಜುಲೈನಲ್ಲಿ ಮತ್ತೆ ನೆರೆ. ಎಂದೋ ಒಮ್ಮೆ ಬರುವ ಅತಿಥಿ ಎಂದು ನೆರೆಯನ್ನು ಕರೆಯುವ ಕಾಲ ಹೋಯಿತು.

ದೂರದ ದೊಡ್ಡ ತಂಡ ಬರುವ ತನಕ ಊರಿನ ಮೊದಲ ಆಸರೆ ಇಂಥ ಹಳೆಯ ಮೋಟಾರುಗಳೇ. ಅದಕ್ಕೇ ಈ ಪ್ರಶ್ನೆ: ಮೋಟಾರು ಕೆಟ್ಟದ್ದು ನೆರೆಯ ದಿನವೇ? ಅಲ್ಲವೇ ಅಲ್ಲ. ಅದು ಕೆಟ್ಟದ್ದು ಗೋದಾಮಿನಲ್ಲಿ, ಹನ್ನೊಂದು ತಿಂಗಳ ನಿದ್ದೆಯಲ್ಲಿ. ನೆರೆಯ ದಿನ ಅದು ಬರೀ ಬಯಲಿಗೆ ಬರುತ್ತದೆ.

ಕಬ್ಬಿನ ಜಿಲ್ಲೆಗೆ ಬೇರೆ ಹೇಳಬೇಕೆ?

ಹಿಂದೆ ವೆಸ್ಪಾ, ಬಜಾಜ್ ಸ್ಕೂಟರ್ ಇಟ್ಟುಕೊಂಡವರಿಗೆ ಈ ನೋವು ಗೊತ್ತು. ನಾಲ್ಕು ದಿನ ಊರಿಗೆ ಹೋಗಿ ಬಂದರೆ ಸ್ಕೂಟರನ್ನು ಒಂದು ಮಗ್ಗುಲಿಗೆ ವಾಲಿಸಿ, ನೆಟ್ಟಗೆ ಮಾಡಿ, ಹತ್ತು ಕಿಕ್ ಹೊಡೆಯಬೇಕಿತ್ತು. ಅದು ನಾಲ್ಕು ದಿನದ ಕಥೆ. ಹನ್ನೊಂದು ತಿಂಗಳಾದರೆ?

ಈಗ ಅದಕ್ಕೊಂದು ಹೊಸ ತೊಡಕು ಸೇರಿದೆ. 2025 ರ ಹೊತ್ತಿಗೆ ದೇಶದ ಪೆಟ್ರೋಲಿಗೆ ಶೇಕಡಾ 20 ಎಥನಾಲ್ ಬೆರೆಸುವ ಹಂತ ಮುಟ್ಟಿತು. ಸಕ್ಕರೆ ಕಾರ್ಖಾನೆಗಳ ಜಿಲ್ಲೆಯಾದ ಬೆಳಗಾವಿಗೆ ಎಥನಾಲ್ ಎಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ. ರೈತನ ಕಬ್ಬಿಗೆ ಅದರಿಂದ ಬೆಲೆ ಬರುವುದಾದರೆ ಯಾರೂ ಬೇಡ ಎನ್ನುವುದಿಲ್ಲ. ಆದರೆ ಎಥನಾಲ್ ಗಾಳಿಯೊಳಗಿನ ತೇವವನ್ನು ಹೀರಿಕೊಳ್ಳುತ್ತದೆ. ದಿನಾ ಓಡುವ ಬೈಕಿನಲ್ಲಿ ಆ ಎಣ್ಣೆ ವಾರದೊಳಗೆ ಖರ್ಚಾಗುವುದರಿಂದ ತೊಂದರೆ ಕಾಣದು. ತಿಂಗಳುಗಟ್ಟಲೆ ನಿಂತ ಟಾಕಿಯಲ್ಲಿ ತೇವ ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಕೂಡಿ ತಳಕ್ಕಿಳಿದು ಬೇರೆಯಾಗುತ್ತವೆ. ನಳಿಗೆ ಎಳೆಯುವುದು ತಳದಿಂದಲೇ. ಹಳೆಯ ರಬ್ಬರ್ ನಳಿಗೆಗಳನ್ನೂ ಅದು ಮೆತ್ತಗೆ ಮಾಡುತ್ತದೆ. ದೋಣಿ ಮೋಟಾರು ತಯಾರಿಸುವ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಶೇಕಡಾ 10 ರ ವರೆಗಿನ ಎಥನಾಲಿಗೆ ಮಾತ್ರ ಒಪ್ಪಿಗೆ ಕೊಡುತ್ತ ಬಂದಿವೆ. ಮಲೆನಾಡಿನ ಅಂಚಿನ ಖಾನಾಪುರದಲ್ಲಿ ಮಳೆಗಾಲದ ಗಾಳಿಯೇ ಹಸಿ. ಅಲ್ಲಿ ಹಳೆಯ ಪೆಟ್ರೋಲ್ ಇಟ್ಟುಕೊಳ್ಳುವುದೆಂದರೆ ಟಾಕಿಯಲ್ಲಿ ಕೊಚ್ಚೆ ಇಟ್ಟುಕೊಂಡಂತೆ.

ಡ್ರಮ್ಮಿನಲ್ಲಿ ತಿಂಗಳಿಗೊಮ್ಮೆ

ಹಾಗಾದರೆ ಮಾಡಬೇಕಾದದ್ದೇನು? ಲಕ್ಷಗಟ್ಟಲೆ ರೂಪಾಯಿಯ ಯೋಜನೆ ಬೇಕಿಲ್ಲ. ಒಂದು 200 ಲೀಟರಿನ ಡ್ರಮ್ಮು ಬೇಕು. ತಿಂಗಳ ಮೊದಲ ದಿನ ಅದರಲ್ಲಿ ನೀರು ತುಂಬಿ, ಮೋಟಾರಿನ ಕಾಲು ಮುಳುಗಿಸಿ, ಹೊಸ ಪೆಟ್ರೋಲಿನಲ್ಲಿ ಹತ್ತು ನಿಮಿಷ ನಡೆಸಬೇಕು. ಮೋಟಾರಿನ ಹಿಂಬದಿಯ ಸಣ್ಣ ತೂತಿನಿಂದ ನೀರಿನ ಧಾರೆ ಚಿಮ್ಮುತ್ತಿದೆಯೇ ನೋಡಬೇಕು. ಅದು ಬಂದರೆ ಒಳಗಿನ ನೀರಿನ ಪಂಪಿನ ರಬ್ಬರ್ ಚಕ್ರ ಜೀವಂತವಿದೆ. ನೀರಿಲ್ಲದೆ ಒಣ ನೆಲದ ಮೇಲೆ 'ಸುಮ್ಮನೆ ಒಂದು ಸಲ' ಹತ್ತಿಸಿ ನೋಡುವ ಚಟ ಮಾತ್ರ ಬಿಡಬೇಕು. ಆ ರಬ್ಬರ್ ಸುಟ್ಟುಹೋಗಲು ಬಹಳ ಹೊತ್ತು ಬೇಡ.

ಹತ್ತು ನಿಮಿಷದ ನಂತರ ನಳಿಗೆ ಕಳಚಿ, ಕಾರ್ಬೊರೇಟರಿನ ಎಣ್ಣೆ ತೀರಿ ತಾನಾಗಿ ನಿಲ್ಲುವವರೆಗೆ ಬಿಡಬೇಕು. ಟಾಕಿಯ ಉಳಿದ ಪೆಟ್ರೋಲನ್ನು ತೆಗೆದುಬಿಡಬೇಕು. ಆಯಿಲ್ ಬೆರೆಸಿದ ಪೆಟ್ರೋಲ್ ಬೈಕಿಗೆ ಬೇಡ. ಟೂ ಸ್ಟ್ರೋಕಿನ ಔಷಧಿ ಹೊಡೆಯುವ ಪಂಪಿಗೆ ಆದೀತು. ಮೋಟಾರನ್ನು ನೆಟ್ಟಗೆ ನಿಲ್ಲಿಸಿಡಬೇಕು. ವರ್ಷಕ್ಕೊಮ್ಮೆ ಕೆಳಗಿನ ಗೇರಿನ ಆಯಿಲ್ ನೋಡಬೇಕು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಹೊಕ್ಕಿದೆ. ಹತ್ತದ ಮೋಟಾರಿಗೆ ಸ್ಪ್ರೇ ಹೊಡೆದು ಹತ್ತಿಸುವ ಗ್ಯಾರೇಜಿನ ಜಾಣತನವೂ ಇಲ್ಲಿ ಬೇಡ. ಟೂ ಸ್ಟ್ರೋಕಿನ ಪಿಸ್ಟನ್ನಿಗೆ ಪೆಟ್ರೋಲಿನೊಂದಿಗೆ ಬರುವ ಆಯಿಲೇ ಜೀವ. ಬರೀ ಸ್ಪ್ರೇ ಅದನ್ನು ಒಣಗಿಸಿ ಗೀಚುತ್ತದೆ.

ದೋಣಿಯೊಂದಿಗೆ ಒಂದು ಚೀಲ ಇರಬೇಕು. ಅದರಲ್ಲಿ ಎರಡು ಹೊಸ ಪ್ಲಗ್ಗು, ಪ್ಲಗ್ ಪಾನಾ, ಪಕ್ಕಡ್, ಬದಲಿ ಹಗ್ಗ, ತುರ್ತು ಕ್ಲಿಪ್ಪು, ಪಂಖಕ್ಕೆ ಹಾಕುವ ಮೊಳೆ ಇರಲಿ. ನೆರೆ ನೀರಿನಲ್ಲಿ ಕಬ್ಬಿನ ರವದಿ, ಬಿದಿರು, ತಂತಿ ಎಲ್ಲವೂ ತೇಲುತ್ತವೆ. ಪಂಖಕ್ಕೆ ಪೆಟ್ಟು ಬಿದ್ದಾಗ ಗೇರು ಉಳಿಯಲೆಂದು ಹಲವು ಮೋಟಾರುಗಳಲ್ಲಿ ಆ ಮೊಳೆಯೇ ಮುರಿದುಕೊಳ್ಳುತ್ತದೆ. ಬದಲಿ ಮೊಳೆ ಇಲ್ಲದಿದ್ದರೆ ಚಾಲೂ ಇರುವ ಮೋಟಾರೂ ನಡುಹೊಳೆಯಲ್ಲಿ ದಂಡ. ಹುಟ್ಟು ಎರಡು, ಇದ್ದಷ್ಟು ಜನಕ್ಕೆ ಜೀವರಕ್ಷಕ ಅಂಗಿ, ಇವೆರಡನ್ನೂ ಯಾವ ಮೋಟಾರನ್ನು ನಂಬಿಯೂ ಬಿಟ್ಟು ಹೋಗಬಾರದು.

ಹೊಸದು ತಂದರೆ ತೀರಿತೇ?

ಇಷ್ಟು ಹೇಳಿದ ಕೂಡಲೇ ಒಂದು ಉತ್ತರ ಸಿದ್ಧವಾಗಿರುತ್ತದೆ: "ಹಳೇದ್ದು ಒಗೀರಿ, ಹೊಸಾದು ತರಸ್ರಿ." ಸರಿ. ಆದರೆ ಹೊಸ ಮೋಟಾರೂ ಅದೇ ಗೋದಾಮಿನಲ್ಲಿ, ಅದೇ ತಾಡಪತ್ರಿಯ ಕೆಳಗೆ, ಅದೇ ಹಳಸಿದ ಪೆಟ್ರೋಲ್ ತುಂಬಿಕೊಂಡು ಮಲಗಿದರೆ ಎರಡನೆಯ ವರ್ಷಕ್ಕೆ ಅದರ ಕಥೆಯೂ ಇದೇ. ಹಳೆಯದನ್ನು ಖಾನಾಪುರದ ಫಿಟ್ಟರರು ಸೈಕಲ್ ಪಂಪಿನಿಂದ ಹತ್ತಿಸಿದರು. ಇಲೆಕ್ಟ್ರಾನಿಕ್ ಮೆದುಳಿನ ಹೊಸ ಮೋಟಾರು ಕೆಟ್ಟರೆ ದಂಡೆಯ ಮೇಲೆ ಕೂತು ಯಾರು ಬಿಚ್ಚುತ್ತಾರೆ?

ಹಳೆಯದಕ್ಕೆ ಸಾಮಾನು ಸಿಗುವುದಿಲ್ಲ ಎಂಬ ಮಾತಿನಲ್ಲಿ ಮಾತ್ರ ಅರ್ಥವಿದೆ. ಅಮೆರಿಕದ ಮಿಲ್ವಾಕಿಯಲ್ಲಿ 1909 ರಲ್ಲಿ ದೋಣಿಯ ಹಿಂಬದಿ ಮೋಟಾರಿನ ವ್ಯಾಪಾರ ಆರಂಭಿಸಿ ಹೆಸರು ಮಾಡಿದವನು ಓಲೆ ಎವಿನ್‌ರೂಡ್. ಅವನ ಹೆಸರಿನ ಮೋಟಾರುಗಳ ತಯಾರಿಕೆಯೇ 2020 ರಲ್ಲಿ ನಿಂತುಹೋಯಿತು. ಕಂಪನಿ ಕೈಬಿಟ್ಟ ಮೇಲೆ ಮೋಟಾರು ಬದುಕುವುದು ಸ್ಥಳೀಯ ಕೈಗಳಿಂದ. ಆ ಕೈಗಳಿಗೆ ಬೆಳಗಾವಿಯಲ್ಲಿ ಬರವೇ? ಉದ್ಯಮಬಾಗದ ಲೇತುಗಳು, ಫೌಂಡ್ರಿಗಳು ಎಂಥೆಂಥ ಭಾಗಗಳನ್ನು ಕಡೆದು ಕೊಡುತ್ತವೆ ಎಂಬುದು ಊರಿಗೆಲ್ಲ ಗೊತ್ತು. ಒಂದು ಮೊಳೆ, ಒಂದು ಬುಶ್ ಅವರಿಗೆ ಎಡಗೈ ಕೆಲಸ. ಐಟಿಐ ಹುಡುಗರಿಗೆ ತಿಂಗಳಿಗೊಂದು ದಿನ ಈ ಮೋಟಾರು ಬಿಚ್ಚಿ ಕೂಡಿಸಲು ಕೊಟ್ಟರೆ ಅವರಿಗೂ ವಿದ್ಯೆ, ಊರಿಗೂ ಕ್ಷೇಮ. ಕಾರವಾರದ ಮೀನುಗಾರರು ಇಂಥ ಮೋಟಾರುಗಳನ್ನು ದಿನವೂ ಹತ್ತಿಸುವವರು. ಅಲ್ಲಿಂದ ಒಬ್ಬ ಅನುಭವಿಯನ್ನು ಎರಡು ದಿನ ಕರೆಸಿ ಪಾಠ ಹೇಳಿಸಿದರೆ ಗಂಟೇನೂ ಹೋಗದು.

ಇನ್ನೊಂದು ನಿಷ್ಠುರದ ಮಾತು. ದಮ್ಮೇ ಹೋದ ಮೋಟಾರುಗಳೂ ಇರುತ್ತವೆ. ಹೆಬ್ಬೆರಳನ್ನು ತಳ್ಳದ ಸಿಲಿಂಡರಿಗೆ ಯಾವ ಪ್ಲಗ್ಗೂ ಜೀವ ಕೊಡದು. ಅಂಥದ್ದನ್ನು ರಜಿಸ್ಟರಿನಿಂದ ಹೊಡೆದುಹಾಕಬೇಕು. ಕಾಗದದ ಮೇಲೆ 'ದೋಣಿ 1, ಮೋಟಾರು 1' ಎಂದು ಬರೆದಿಟ್ಟು ಹೊಳೆಯ ಮೇಲೆ ಏನೂ ಇಲ್ಲದಿರುವುದಕ್ಕಿಂತ, 'ಇಲ್ಲ' ಎಂದು ಸತ್ಯ ಬರೆಯುವುದು ಮೇಲು. ದೋಣಿ ಇಲ್ಲವೆಂದು ಗೊತ್ತಾದರೆ ದಂಡೆಯ ಜನ ನೀರು ಹೊಸ್ತಿಲಿಗೆ ಬರುವ ಮೊದಲೇ ಗಂಟು ಕಟ್ಟುತ್ತಾರೆ. ದೋಣಿ ಬಂದೀತೆಂದು ನಂಬಿ ಮಾಳಿಗೆ ಹತ್ತಿ ಕೂತವರ ಗತಿಯೇನು?

ಫಿಟ್ಟರರ ಚೀಟಿ

ಅಂದು ದಂಡೆಯ ಮೇಲೆ ಚಪ್ಪಾಳೆಯ ನಂತರ ನಡೆದದ್ದು ಇನ್ನೂ ಸ್ವಾರಸ್ಯ. ಫಿಟ್ಟರರು ಕೈ ಒರೆಸಿಕೊಂಡು ಎರಡು ಹೊಸ ಪ್ಲಗ್ಗಿನದು, ಆಯಿಲಿನದು, ತಮ್ಮ ಮಜೂರಿಯದು ಎಂದು ಒಂದು ಚೀಟಿ ಬರೆದುಕೊಟ್ಟರು. ಸಾವಿರ ದಾಟದ ಲೆಕ್ಕ. ಚೀಟಿ ಕೈಯಿಂದ ಕೈಗೆ ದಾಟಿತು. "ಇದನ್ನ ಯಾವ ಖಾತ್ಯಾಗ ಹಾಕೂದ್ರಿ?" ಎಂದು ಒಬ್ಬರು ಕೇಳಿದರು. ಉತ್ತರ ಯಾರಲ್ಲೂ ಇರಲಿಲ್ಲ. ಕೊನೆಗೆ ಹಗ್ಗ ಜಗ್ಗಿ ಅಂಗೈ ಬೊಬ್ಬೆ ಎದ್ದಿದ್ದ ಹುಡುಗನೇ ಜೇಬಿನಿಂದ ನೂರರ ನೋಟೊಂದನ್ನು ತೆಗೆದು, "ಕಾಕಾ, ಸದ್ಯಕ್ಕ ಚಹಾಕ್ಕ ಇಟಗೋರಿ" ಎಂದ. ಕಾಕಾ ತೆಗೆದುಕೊಳ್ಳಲಿಲ್ಲ.

ಈ ಹುಡುಗನ ಮೇಲೆ ಯಾರೂ ಬೊಟ್ಟು ಮಾಡುವಂತಿಲ್ಲ. ನೆರೆ ಬಂದಾಗ ಜೀವ ಕೈಯಲ್ಲಿ ಹಿಡಿದು ಕೆಂಪು ನೀರಿಗೆ ಇಳಿಯುವವರು ಇಂಥವರೇ. ಅವರ ಕೈಗೆ ಹತ್ತುವ ಮೋಟಾರು ಕೊಡದೆ, ಕಲಿಸುವ ಗುರುವನ್ನು ಕೊಡದೆ, ಎರಡು ಪ್ಲಗ್ಗಿನ ದುಡ್ಡೂ ಕೊಡದೆ ಹೊಳೆಗೆ ಕಳಿಸುವುದು ಯಾವ ನ್ಯಾಯ? ಮೋಟಾರು ಕೊಳ್ಳಲು ಲಕ್ಷಗಳಿಗೆ ಖಾತೆ ಇರುತ್ತದೆ. ಅದನ್ನು ಬದುಕಿಸಿಡುವ ನೂರುಗಳಿಗೆ ಖಾತೆ ಇರುವುದಿಲ್ಲ. ರೋಗ ಕಾರ್ಬೊರೇಟರಿನಲ್ಲಿ ಮಾತ್ರ ಇಲ್ಲ.

ಸಂಬಂಧಪಟ್ಟವರು ಮೂರು ಕೆಲಸ ಮಾಡಲಿ. ಪ್ರತಿ ದೋಣಿ ಮೋಟಾರಿಗೂ ಒಂದು ವಹಿ ಇಟ್ಟು, ತಿಂಗಳ ಮೊದಲ ದಿನ ಎಷ್ಟನೆಯ ಜಗ್ಗಿಗೆ ಹತ್ತಿತು ಎಂದು ಬರೆದು ಸಹಿ ಮಾಡಿಸಲಿ. ತಾಲೂಕಿಗೊಬ್ಬ ಫಿಟ್ಟರರನ್ನು ಗೊತ್ತುಮಾಡಿ, ಅವರ ಚೀಟಿಗೆ ಅಂದೇ ಹಣ ಸಿಗುವ ಏರ್ಪಾಡು ಮಾಡಲಿ. ಮಳೆಗಾಲಕ್ಕೆ ಮೊದಲು ಒಂದು ಸಂತೆಯ ದಿನ, ಊರ ಜನರ ಕಣ್ಣೆದುರೇ ಮೋಟಾರು ಹತ್ತಿಸಿ ತೋರಿಸಲಿ. ಅಂಗಡಿಕಾರರೂ ಬಸ್ಸಿನವರೂ ಆಗ ಬಂದು ಜಗ್ಗುಗಳನ್ನು ಎಣಿಸಲಿ. ಮೂರರೊಳಗೆ ಹತ್ತಿದರೆ ಚಪ್ಪಾಳೆ ತಟ್ಟಲಿ. ಮೂವತ್ತಾದರೆ ನಗುವ ಬದಲು ಕೇಳಲಿ: ಈ ಮೋಟಾರಿನ ವಹಿ ಎಲ್ಲಿದೆ?

ಫಿಟ್ಟರರ ಚೀಟಿಯ ಹಣ ಇನ್ನೂ ಬಂದಿಲ್ಲ. ಮೋಟಾರು ಬೆಳಗಾವಿಯ ಗೋದಾಮಿಗೆ ಮರಳಿದೆ. ಟಾಕಿಯಲ್ಲಿ ಅಂದು ಉಳಿದ ಪೆಟ್ರೋಲನ್ನು ಯಾರಾದರೂ ತೆಗೆದಿದ್ದಾರೆಯೇ?